ಎಡೆಗಿಟ್ಟ ವೈನು

ವರಲಕ್ಷ್ಮಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ. ಆ ಮೂಗನ್ನು ನಂಬಿ ತಿಂಗಳ ಸಂಬಳ ಕೊಡುವವರೂ ಇದ್ದಾರೆ ಎನ್ನುವ ಸಂಗತಿ ಮಾತ್ರ ಊರಿನ ಗಂಟಲಲ್ಲಿ ಇಳಿದಿರಲಿಲ್ಲ. ಸೂಳಗಿರಿಯಿಂದ ರಾಯಕೋಟೆ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ಹೊಸದಾಗಿ ಎದ್ದಿದ್ದ ವೈನ್ ಫ್ಯಾಕ್ಟರಿಗೆ ಅವಳು ಕಸ ಗುಡಿಸುವ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಗಂಡ ಗೋಪಾಲಪ್ಪ ಸತ್ತ ವರ್ಷವೇ ಸೇರಿದ್ದು. ಕುಡಿದು ಕುಡಿದು ಸತ್ತವನ ಹೆಂಡತಿ ಹೋಗಿ ಹೋಗಿ ಅಲ್ಲಿಗೇ ಸೇರಿದಳಲ್ಲ ಎಂದು ಜನ ನಕ್ಕರು. ನಕ್ಕವರು ಅವಳ ಮನೆಗೆ ರಾಗಿ ತಂದು ಸುರಿಯುತ್ತಿದ್ದರೇ?

ಅಲ್ಲಿ ವೈನು ಮಾಡುವ ಹೊಣೆಯೆಲ್ಲ ಚನ್ನಕೇಶವನದು. ತುಮಕೂರು ಕಡೆಯವನು, ನಾಸಿಕದಲ್ಲಿ ಕೆಲಸ ಕಲಿತು ಬಂದವನು, ಮಾತು ಕಡಿಮೆ. ಸೇರಿದ ಎರಡನೇ ತಿಂಗಳಲ್ಲಿ ವರಲಕ್ಷ್ಮಮ್ಮ ಮರದ ಪೀಪಾಯಿಗಳ ಸಾಲಿನ ನಡುವೆ ಪೊರಕೆ ಆಡಿಸುತ್ತಿದ್ದವಳು ಮೂಲೆಯ ಪೀಪಾಯಿಯ ಮುಂದೆ ನಿಂತುಬಿಟ್ಟಳು. "ಸಾರ್, ಇದು ಹುಳಿಗೆ ತಿರುಗ್ತಾ ಐತೆ" ಎಂದಳು. ಚನ್ನಕೇಶವ ನಕ್ಕ. ಪೀಪಾಯಿಗೆ ಬಿರಡೆ ಬಿಗಿಯಾಗಿತ್ತು, ಮುಂದಿನ ವಾರ ಪರೀಕ್ಷೆಯ ದಿನವಿತ್ತು. ಆದರೂ ಯಾಕೋ ಮನಸ್ಸು ತಡೆಯದೆ ಗಾಜಿನ ಕೊಳವೆಯಲ್ಲಿ ಒಂದಿಷ್ಟು ತೆಗೆದು ಬೆಂಗಳೂರಿಗೆ ಕಳಿಸಿದ. ನಾಲ್ಕು ದಿನಕ್ಕೆ ಬಂದ ಕಾಗದ ಹಿಡಿದು ನೇರವಾಗಿ ಕಸದ ಕೋಣೆಗೆ ಬಂದ. "ಎಲ್ಲಿ ಕಲಿತ್ರಿ ವರಲಕ್ಷ್ಮಮ್ಮ?" ಎಂದು ಕೇಳಿದ.

"ಮನೇಲಿ ಸಾರ್" ಎಂದಳು.

ಮನೆಯಲ್ಲೇ ಕಲಿತದ್ದು, ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷ ದಿನಾ ಸಂಜೆ ಅವಳು ಅಡುಗೆಮನೆಯಲ್ಲಿ ನಿಂತು, ಹೊಸ್ತಿಲು ದಾಟುತ್ತಿದ್ದ ಗಂಡನ ಉಸಿರನ್ನು ಅಲ್ಲಿಂದಲೇ ಅಳೆದಿದ್ದಳು. ಸಾರಾಯಿ ಕುಡಿದು ಬಂದರೆ ಅಳುತ್ತಾನೆ. ಹೆಂಡವಾದರೆ ಮಲಗುತ್ತಾನೆ. ಬ್ರಾಂದಿಯಾದರೆ ಕೈ ಎತ್ತುತ್ತಾನೆ, ಮಗುವನ್ನು ಹಿತ್ತಲಿಗೆ ಕಳಿಸಬೇಕು. ಎರಡೂ ಬೆರೆತಿದ್ದರೆ ತಾನೂ ಹಿತ್ತಲಿಗೆ ಹೋಗಬೇಕು. ಎಷ್ಟು ಹೊತ್ತಿಗೆ ಮೊದಲು ಕುಡಿದದ್ದು, ಮೇಲೆ ಏನು ತಿಂದದ್ದು, ಇನ್ನೆಷ್ಟು ಹೊತ್ತಿಗೆ ಏರುತ್ತದೆ, ಎಲ್ಲವನ್ನೂ ಮೂಗು ಹೇಳುತ್ತಿತ್ತು. ತಪ್ಪಿದ ದಿನ ಬೆನ್ನು ಹೇಳುತ್ತಿತ್ತು. ಹಾಗೆ ಕಲಿತ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ, ಕಲಿಸಲೂ ಬಾರದು.

ಅಂದಿನಿಂದ ಪ್ರತಿ ಗುರುವಾರ ಚನ್ನಕೇಶವ ಒಂದೊಂದು ಪೀಪಾಯಿಯಿಂದ ಇಷ್ಟಿಷ್ಟು ಗಾಜಿನ ಲೋಟಕ್ಕೆ ತೆಗೆದು ಅವಳ ಮುಂದೆ ಹಿಡಿಯುತ್ತಿದ್ದ. ಅವಳು ಮೂಸುತ್ತಿದ್ದಳು, ತನಗೆ ಗೊತ್ತಿದ್ದ ಮಾತಿನಲ್ಲಿ ಹೇಳುತ್ತಿದ್ದಳು. ಇದು ಹಸಿ ಹುಣಸೆ. ಇದು ಮಳೆಗೆ ನೆಂದ ಗೋಣಿಚೀಲ. ಇದರಲ್ಲಿ ನೇರಳೆಹಣ್ಣು ಐತೆ, ಆದರೆ ಮೇಲೆ ಯಾರೋ ಹೊಗೆ ಹಾಕಿದಾರೆ. ಅವನು ಬರೆದುಕೊಳ್ಳುತ್ತಿದ್ದ. "ಒಂದು ತೊಟ್ಟು ನಾಲಿಗೆಗೆ ಬಿಟ್ಕೊಂಡು ನೋಡಿ" ಎಂದು ಒಮ್ಮೆ ಕೇಳಿದ್ದಕ್ಕೆ, "ಬ್ಯಾಡ ಸಾರ್, ನಮ್ಮನೇಲಿ ಕುಡಿಯೋರ ಪಾಲು ಮುಗಿದೋಗೈತೆ" ಎಂದುಬಿಟ್ಟಳು. ಅವನು ಮತ್ತೆ ಕೇಳಲಿಲ್ಲ.

ಎರಡು ಸಾವಿರದ ಎಂಟನೇ ಇಸವಿ, ಯುಗಾದಿ ಕಳೆದ ಮೇಲಿನ ಒಂದು ಗುರುವಾರ. ಮೊದಲ ಸುಗ್ಗಿಯ ದ್ರಾಕ್ಷಿಯಿಂದ ಮಾಡಿ, ಮೂರು ವರ್ಷ ಕತ್ತಲಲ್ಲಿ ಮಲಗಿಸಿದ್ದ ಏಳನೇ ಪೀಪಾಯಿಯ ಕೆಂಪು ವೈನನ್ನು ಮೂಸಿದ ವರಲಕ್ಷ್ಮಮ್ಮ ಲೋಟವನ್ನು ಕೆಳಗಿಡಲೇ ಇಲ್ಲ. ಇನ್ನೊಮ್ಮೆ ಮೂಸಿದಳು. "ಸಾರ್, ಇದು ಆಗೈತೆ" ಎಂದಳು. ಚನ್ನಕೇಶವ ದೀಪಾವಳಿವರೆಗೆ ಕಾಯುವ ಲೆಕ್ಕದಲ್ಲಿದ್ದ. ಅವಳು ಒಪ್ಪಲಿಲ್ಲ. "ಇಷ್ಟು ದಿನ ಒಂದೊಂದು ವಾಸ್ನೆ ಒಂದೊಂದು ಕಡೆ ಎಳೀತಿತ್ತು. ಇವತ್ತು ಎಲ್ಲವೂ ಒಂದೇ ಪಂಕ್ತೀಲಿ ಊಟಕ್ಕೆ ಕುಂತಂಗೆ ಕುಂತವೆ. ಇನ್ನ ಕಾದ್ರೆ ಒಬ್ಬೊಬ್ಬರೇ ಎದ್ದೋಯ್ತಾರೆ" ಎಂದಳು. ಅವನು ಆ ವಾರವೇ ಬಾಟಲಿಗೆ ತುಂಬಿಸಿದ. ಬೆಂಗಳೂರಿನ ದೊಡ್ಡ ಹೋಟೆಲಿನವರು ಬಂದು ಕುಡಿದು, ಎರಡನೇ ಲೋಟ ಕೇಳಿದರಂತೆ. ಯಜಮಾನರು ಚನ್ನಕೇಶವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಆಗ ವರಲಕ್ಷ್ಮಮ್ಮ ಹೊರಗೆ ಅವರ ಕಾರಿನ ಪಕ್ಕ ಬಿದ್ದಿದ್ದ ಎಲೆ ಗುಡಿಸುತ್ತಿದ್ದಳು.

ಆದರೆ ಚನ್ನಕೇಶವ ಮರೆತವನಲ್ಲ. ಸಂಜೆ ಅವಳನ್ನು ಕರೆದು, ಏಳನೇ ಪೀಪಾಯಿಯ ಮೊದಲ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಚೀಟಿಯ ಮೇಲೆ ಪೆನ್ನಿನಲ್ಲಿ ಅವಳ ಹೆಸರು ಬರೆದಿದ್ದ. "ಇದು ಪಕ್ವಕ್ಕೆ ಬಂದಿದೆ ಅಂತ ಹೇಳಿದವರು ನೀವು. ನಮ್ಮ ಮನೆಗಳ ಸೆಕೆಗೆ ಇದು ಹೆಚ್ಚು ದಿನ ತಡೆಯಲ್ಲ, ಈ ವರ್ಷದೊಳಗೆ ತೆಗೀರಿ. ನೀವೇ ಕುಡೀಬೇಕು. ಯಾರಿಗೂ ಕೊಡಬೇಡಿ" ಎಂದ. ಅವಳ ಐವತ್ತು ವರ್ಷದ ಬಾಳಿನಲ್ಲಿ, ಇದು ನಿನಗೆ, ಇನ್ನೊಬ್ಬರಿಗಲ್ಲ ಎಂದು ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು.

ಮನೆಗೆ ತಂದು, ನೀರಿನ ಹರವಿ ಕೂರಿಸಿದ್ದ ಒದ್ದೆ ಮರಳಿನಲ್ಲಿ ಅಡ್ಡಡ್ಡಲಾಗಿ ಹೂತಿಟ್ಟಳು. ಮನೆಯಲ್ಲಿ ತಂಪಾದ ಜಾಗ ಅದೊಂದೇ. ಕುಡಿಯಬೇಕೆಂದು ಆಸೆಯಿತ್ತು. ಹೆಂಡದ ಮೇಲಿನ ಆಸೆಯಲ್ಲ ಅದು. ಮೂರು ವರ್ಷ ಮೂಗಿನಲ್ಲೇ ಸಾಕಿದ್ದನ್ನು ಬಾಯಿ ಏನನ್ನುತ್ತದೋ ನೋಡಬೇಕು, ಅಷ್ಟೆ. ಆದರೆ ಮಗ ಮನೆಯಲ್ಲಿದ್ದಾನೆ, ಸೊಸೆ ಇದ್ದಾಳೆ, ಗೋಡೆಗೆ ಗೋಡೆ ಅಂಟಿಕೊಂಡ ನೆರೆಮನೆ ಇದೆ. ನಾಳೆ ನಾಳೆ ಎನ್ನುತ್ತ ಐದು ತಿಂಗಳು ಕಳೆಯಿತು. ಕುಡಿದು ಬೀದಿಯಲ್ಲಿ ಬಿದ್ದವನಿಗೆ ಇಲ್ಲದ ನಾಚಿಕೆ ತನಗೇಕೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು.

ಆ ದಿನ ಸತ್ತವರಿಗೆ ಎಡೆ ಇಡುವುದು ಆ ಸೀಮೆಯ ಪದ್ಧತಿ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಹೊಗೆ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಒಂದಿಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ತೆರೆದು, ಅವರು ಉಂಡು ಬಿಟ್ಟದ್ದನ್ನು ಮನೆಯವರು ಪ್ರಸಾದ ಎಂದು ತಿನ್ನುತ್ತಾರೆ. ಬೀಡಿ ಇಷ್ಟವಿದ್ದವರಿಗೆ ಬೀಡಿ, ಎಲೆಯಡಿಕೆ ಇಷ್ಟವಿದ್ದವರಿಗೆ ಎಲೆಯಡಿಕೆ. ಗೋಪಾಲಪ್ಪನಿಗೆ ಮೂರು ವರ್ಷವೂ ಬ್ರಾಂದಿ ಇಟ್ಟಿದ್ದರು. ಮೂರು ವರ್ಷವೂ ಪ್ರಸಾದ ಕುಡಿದವನು ಅವನ ತಮ್ಮ ವೆಂಕಟೇಶಪ್ಪ. ಅಣ್ಣನ ಮೇಲಿನ ಭಕ್ತಿ ಅವನಿಗೆ ಅಮಾವಾಸ್ಯೆಯ ಹಿಂದಿನ ವಾರದಿಂದಲೇ ಉಕ್ಕುತ್ತಿತ್ತು.

ಈ ಸಲ ಅವನು ನಾಲ್ಕು ದಿನ ಮೊದಲೇ ಬಂದು ಜಗಲಿಯಲ್ಲಿ ಕೂತ. ಹೊಸೂರಿನ ಫ್ಯಾಕ್ಟರಿಯಿಂದ ಆಗ ತಾನೆ ಶಿಫ್ಟು ಮುಗಿಸಿ ಬಂದಿದ್ದ ಅಣ್ಣನ ಮಗ ಮುನೀಶನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ಮುನೀಸಾ, ರಾತ್ರಿ ಕನಸ್ನಾಗೆ ನಿಮ್ಮಪ್ಪ ಬಂದಿದ್ದ ಕಣ್ಲಾ" ಎಂದ. "ಬಂದು ಆ ನೀರಿನ ಹರವಿ ತಾವ ನಿಂತ್ಕಂಡ. ಬ್ರಾಂದಿ ಸಾಕಾಗೈತೆ, ಕೆಂಪುಂದು ಕೊಡು ಅಂದ. ಕೈ ತೋರಿಸ್ದ ಕಣ್ಲಾ!"

ವರಲಕ್ಷ್ಮಮ್ಮ ಒಳಗಿನಿಂದ ಕೇಳಿಸಿಕೊಂಡಳು. ಹರವಿಯ ಕೆಳಗೆ ಬಾಟಲಿ ಇರುವುದು ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮುನೀಶ ಎಂದೋ ಬಾಯಿಬಿಟ್ಟಿದ್ದಾನೆ, ಈ ಮಹರಾಯ ಅದಕ್ಕೆ ಕನಸು ಕಟ್ಟಿಕೊಂಡು ಬಂದಿದ್ದಾನೆ. ಅವಳು ಸೌಟು ಹಿಡಿದೇ ಹೊರಗೆ ಬಂದಳು.

"ಎಂಕಟೇಸಾ, ನಿಮ್ಮಣ್ಣಂಗೆ ಬ್ರಾಂದಿ ಸಾಕಾಯ್ತು ಅನ್ನೋ ಮಾತು ಬದುಕಿದ್ದಾಗ ಬಂದಿದ್ರೆ ನಾನು ಊರಿಗೆಲ್ಲ ಊಟ ಹಾಕಿಸ್ತಿದ್ದೆ. ಹೋಗು, ಬ್ರಾಂದಿ ಅಂಗಡಿ ಸೂಳಗಿರೀಲಿ ಐತೆ, ಬಾಗ್ಲು ತೆಗೆದೇ ಇರ್ತದೆ."

"ಅತ್ತಿಗೇ, ಸತ್ತೋರ ಮೇಲೆ ಯಾಕೆ ಸಿಟ್ಟು? ನೀನೇನು ಕುಡೀತೀಯಾ ಅದನ್ನ?"

"ಹೂಂ. ಕುಡೀತೀನಿ."

ವೆಂಕಟೇಶಪ್ಪ ಅದನ್ನು ತಮಾಷೆ ಎಂದುಕೊಂಡು ತೊಡೆ ತಟ್ಟಿ ನಕ್ಕ. ಮುನೀಶ ನಗಲಿಲ್ಲ. ಅವನ ಮುಖ ಸಣ್ಣದಾಗಿತ್ತು. ಚಿಕ್ಕಪ್ಪ ಹೋದ ಮೇಲೆ ತಾಯಿಯ ಬೆನ್ನಿಗೆ ಬಂದು ನಿಂತ.

"ಅಮ್ಮಾ, ಕೊಟ್ಬುಡಮ್ಮ. ಆಷಾಢದಾಗೆ ಎಂಕಟಲಕ್ಷ್ಮಿಗೆ ಮೂರು ತಿಂಗ್ಳು ನಿಂತಿದ್ದು ಹೋಯ್ತಲ್ಲ. ಹಿರೇರಿಗೆ ತೃಪ್ತಿ ಆಗಿಲ್ಲ, ಅದಕ್ಕೇ ಅಂತವ್ನೆ ಚಿಕ್ಕಪ್ಪ. ಒಂದು ಬಾಟ್ಲಿ ತಾನೇ?"

ವರಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೊಸೆ ವೆಂಕಟಲಕ್ಷ್ಮಿಗೆ ಗರ್ಭ ಹೋದಾಗ ಕೃಷ್ಣಗಿರಿ ಆಸ್ಪತ್ರೆಯಲ್ಲಿ ಮೂರು ದಿನ ಅವಳ ತಲೆದೆಸೆಯಲ್ಲಿ ಕೂತವಳು ತಾನು. ಡಾಕ್ಟರು ರಕ್ತ ಕಡಿಮೆ ಎಂದಿದ್ದನ್ನು ಕಿವಿಯಾರೆ ಕೇಳಿದವಳು ತಾನು. ಬೆಳಿಗ್ಗೆ ಎದ್ದು ಅವಳಿಗೆ ಸೊಪ್ಪು ಬೇಯಿಸಿ ಹಾಕುತ್ತಿರುವವಳು ತಾನು. ಅದೆಲ್ಲ ಬಿಟ್ಟು, ಸತ್ತು ಮಣ್ಣಾದ ಕುಡುಕನ ಗಂಟಲು ಒಣಗಿದ್ದರಿಂದ ಮಗು ಹೋಯಿತಂತೆ!

"ನೋಡ್ಲಾ ಮುನೀಸಾ, ಅದು ನನ್ನ ಕೂಲಿ" ಎಂದಳು. "ನಿಮ್ಮಪ್ಪ ನನ್ನ ಕೂಲಿ ಇಪ್ಪತ್ತೆರಡು ವರ್ಷ ಕುಡಿದ. ಸೆರಗಲ್ಲಿ ಕಟ್ಟಿದ್ದು ಬಿಚ್ಕೊಂಡು ಕುಡಿದ, ಅಕ್ಕಿ ಡಬ್ಬೀಲಿ ಹಾಕಿದ್ದು ತೋಡ್ಕೊಂಡು ಕುಡಿದ. ಸತ್ತ ಮೇಲೂ ಕುಡೀಬೇಕಾ? ಅದ್ನ ಮುಟ್ಟಿದ್ರೆ ಚಂದಾಗಿರಲ್ಲ."

ಮುನೀಶ ತಲೆಯಾಡಿಸಿ ಹೊರಗೆ ಹೋದ. ತಲೆಯಾಡಿಸಿದನೆಂದರೆ ಒಪ್ಪಿದನೆಂದಲ್ಲ. ಅವನು ಹೆದರಿದ್ದ. ಹೆದರಿದವನಿಗೆ ಯಾರು ದೊಡ್ಡ ದನಿಯಲ್ಲಿ ಹೇಳುತ್ತಾರೋ ಅವರದೇ ಸರಿಯಾಗಿ ಕಾಣುತ್ತದೆ, ಮತ್ತು ವೆಂಕಟೇಶಪ್ಪನ ದನಿ ಇಡೀ ಬೀದಿಗೆ ಕೇಳುವಂಥದು.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ವರಲಕ್ಷ್ಮಮ್ಮನಿಗೆ ಕೈತುಂಬ ಕೆಲಸ. ಮಾಂಸದ ಸಾರು, ಮುದ್ದೆ, ವಡೆ, ಪಾಯಸ. ಹೊಡೆಸಿಕೊಂಡ ಕೈಯಿಂದಲೇ ಹೊಡೆದವನಿಗೆ ಮಸಾಲೆ ಅರೆಯುವುದೂ ಒಂದು ಪದ್ಧತಿ. ಅದನ್ನು ಅವಳು ಮಾಡಿದಳು, ಮಗನ ಮುಖ ನೋಡಿ ಮಾಡಿದಳು. ಹಗಲು ಎರಡು ಗಂಟೆಯ ಹೊತ್ತಿಗೆ ಎಲೆ ಸಾಲದೆಂದು ಮುನೀಶ ಅವಳನ್ನು ತೋಟಕ್ಕೆ ಅಟ್ಟಿದ. ತೋಟ ಅಲ್ಲೇ ಕೂಗಳತೆಯಲ್ಲಿತ್ತು. ನಾಲ್ಕು ಎಲೆ ಕೊಯ್ದು ತಿರುಗಿ ಬರುವಷ್ಟರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಹರವಿ ಪಕ್ಕಕ್ಕೆ ಸರಿದಿತ್ತು, ಮರಳು ನಾಯಿ ಕೆದಕಿದ ಹಾಗೆ ಚೆಲ್ಲಿತ್ತು.

ಎಲೆಗಳನ್ನು ಅಲ್ಲೇ ಎಸೆದು ನಡುಮನೆಗೆ ಓಡಿದಳು. ಗೋಡೆಗೆ ಒರಗಿಸಿದ ಗೋಪಾಲಪ್ಪನ ಫೋಟೋ, ಅದರ ಮುಂದೆ ಎಡೆ. ಬೀಡಿ ಕಟ್ಟು, ಬೆಂಕಿಪೊಟ್ಟಣ. ಎಲೆಯ ಬಲಗಡೆ ಅವಳ ಬಾಟಲಿ. ವೆಂಕಟೇಶಪ್ಪ ಬಿರಡೆ ತೆಗೆಯುವುದು ತಿಳಿಯದೆ ಸ್ಕ್ರೂಡ್ರೈವರಿನಿಂದ ಕುಟ್ಟಿ ಅದನ್ನು ಒಳಕ್ಕೇ ತಳ್ಳಿದ್ದ. ತಳದಲ್ಲಿ ಗಸಿ ಕಂಡು, ಇದು ಕೆಳಗೆ ಇಳಿದುಬಿಟ್ಟಿದೆ ಎಂದು ಕೆಮ್ಮಿನ ಔಷಧಿಯ ಹಾಗೆ ಚೆನ್ನಾಗಿ ಕುಲುಕಿದ್ದ. ಪಕ್ಕದ ಲೋಟಕ್ಕೆ ಬಗ್ಗಿಸಿಟ್ಟ ವೈನಿನಲ್ಲಿ ಬಿರಡೆಯ ಚೂರು ತೇಲುತ್ತಿದ್ದವು. ಮೂರು ವರ್ಷ ಅಲುಗಾಡಿಸದೆ ಕಾಪಾಡಿದ್ದನ್ನು ಮೂರು ನಿಮಿಷದಲ್ಲಿ ಬಚ್ಚಲ ನೀರು ಮಾಡಿದ್ದರು.

"ಯಾರ್ಲಾ ಮುಟ್ಟಿದ್ದು ಅದ್ನ?" ಎಂದು ಅವಳು ಕಿರುಚಿದಳು.

ವೆಂಕಟೇಶಪ್ಪ ಕರ್ಪೂರದ ತಟ್ಟೆ ಹಿಡಿದೇ ತಿರುಗಿದ. "ಅತ್ತಿಗೇ, ಎಡೆಗಿಟ್ಟಾಯ್ತು. ಇಟ್ಟದ್ದನ್ನ ಎತ್ತೋಂಗಿಲ್ಲ. ಎತ್ತಿದ್ರೆ ಮನೆಗೆ ಆಗಲ್ಲ."

ಅವಳು ಮಗನ ಕಡೆ ನೋಡಿದಳು. ಮುನೀಶ ಮುಖ ಎತ್ತಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಒದ್ದೆ ಮರಳಿತ್ತು. ಅಗೆದವನು ಅವನೇ. ಅವಳು ಗೋಡೆಯ ಕಡೆಗೆ ಸರಿದು ನಿಂತಳು. ಗಂಡ ಕದ್ದು ಕುಡಿದಾಗ ಸಿಟ್ಟು ಬರುತ್ತಿತ್ತು, ಇದು ಸಿಟ್ಟಿಗಿಂತ ಕೆಟ್ಟದ್ದು. ಮಂಗಳಾರತಿ ಆಯಿತು, ಧೂಪ ಹಾಕಿದರು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ವೆಂಕಟೇಶಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತ. ಪಕ್ಕದಲ್ಲಿ ನೀರಿನ ಪ್ಯಾಕೆಟ್ಟು, ಉಪ್ಪಿನಕಾಯಿ ಆಗಲೇ ತಯಾರಿದ್ದವು. ಅಣ್ಣ ಮುಗಿಸಿದ ಮೇಲೆ ತಮ್ಮನ ಸರದಿ ತಾನೇ!

ವರಲಕ್ಷ್ಮಮ್ಮ ಮನೆ ಸುತ್ತಿಕೊಂಡು ಹಿತ್ತಲಿಗೆ ಹೋದಳು. ಹಿತ್ತಲಿನಿಂದ ಅಡುಗೆಮನೆಗೆ, ಅಲ್ಲಿಂದ ನಡುಮನೆಗೆ ಒಂದು ಬಾಗಿಲಿತ್ತು. ಅಡುಗೆಮನೆಯಲ್ಲಿ ವೆಂಕಟಲಕ್ಷ್ಮಿ ಚೆಲ್ಲಿದ್ದ ಮರಳನ್ನು ಕೈಯಿಂದ ಗುಡ್ಡೆ ಮಾಡುತ್ತಿದ್ದಳು. ಅತ್ತೆಯ ಕೈ ನಡುಮನೆಯ ಬಾಗಿಲಿನ ಮೇಲೆ ಬಿದ್ದದ್ದನ್ನು ನೋಡಿದಳು. ಹಿರಿಯರು ಉಣ್ಣುವ ಹೊತ್ತಿನಲ್ಲಿ ಆ ಬಾಗಿಲು ತೆರೆಯುವವರು ಊರಲ್ಲೇ ಇರಲಿಲ್ಲ.

"ಅತ್ತೇ" ಎಂದಳು ಮೆಲ್ಲಗೆ. ಆಮೇಲೆ, "ಹೋಗಿ. ನಾನು ಇಲ್ಲೇ ಇರ್ತೀನಿ" ಎಂದಳು.

ಒಳಗೆ ಹೊಗೆ ತುಂಬಿತ್ತು. ವರಲಕ್ಷ್ಮಮ್ಮ ಫೋಟೋದ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಮದುವೆಯಾದಂದಿನಿಂದ ಅವಳು ಅವನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದ್ದಳು.

"ಲೋ ಗೋಪಾಲಪ್ಪಾ" ಎಂದಳು.

ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳು ಮುಂದುವರಿಸಿದಳು.

"ನಿನ್ನ ತಮ್ಮ ಅಂತಾನೆ, ನೀನು ಕೆಂಪುಂದು ಕೇಳ್ದೆ ಅಂತ. ನಿಂಗೆ ಕೆಂಪು ಯಾವುದು ಕಪ್ಪು ಯಾವುದು ಅಂತ ಯಾವತ್ತಾದ್ರೂ ಕಂಡಿತ್ತೇನ್ಲಾ? ಕಣ್ಣು ಬಿಟ್ಟು ಕುಡಿದಿದ್ದೀಯಾ ಒಂದು ದಿನ? ನಿನ್ನ ಬಾಯಿ ಮೂಸಿ ಮೂಸಿ ನಂಗೆ ಈ ಮೂಗು ಬಂತು. ಬೇರೆ ಏನೂ ಕೊಡ್ಲಿಲ್ಲ ನೀನು. ಕೊಟ್ಟ ಒಂದನ್ನೂ ಎಡೆಗೆ ವಾಪಸ್ ಇಸ್ಕೊಳ್ಳೋಕೆ ಬಂದಿದ್ದೀಯಾ? ನಾಚ್ಕೆ ಆಗಲ್ವೇನ್ಲಾ? ಆ ಮಾಂಸ ತಿನ್ನು. ಬೀಡಿ ಸೇದು. ಇದ್ನ ಮುಟ್ಟಿದ್ರೆ ನೋಡು."

ಅವಳು ಪಾಯಸದ ಬಟ್ಟಲನ್ನು ಎಲೆಯ ಮೇಲೆ ಬೋರಲು ಹಾಕಿ ಖಾಲಿ ಮಾಡಿ, ಒರೆಸಿ, ಸೆರಗಿನ ಮಡಿಕೆಯಲ್ಲಿ ವೈನನ್ನು ಅದಕ್ಕೆ ಸೋಸಿದಳು. ಬಿರಡೆಯ ಚೂರೂ ಗಸಿಯೂ ಸೆರಗಿನಲ್ಲಿ ಉಳಿದವು. ಸೀರೆ ಮೊಳದಷ್ಟು ಕೆಂಪಾಯಿತು. ಆಗಲಿ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ಕೂತಳು. ಧೂಪದ ಹೊಗೆ, ಮಾಂಸದ ಮಸಾಲೆ, ಇಷ್ಟೆಲ್ಲದರ ನಡುವೆಯೂ ಅದು ಇತ್ತು. ಕುಲುಕಿದ್ದರೂ, ಕುಟ್ಟಿದ್ದರೂ, ಏಪ್ರಿಲ್ಲಿನಲ್ಲಿ ಅವಳು ಆಗಿದೆ ಎಂದಿದ್ದ ಅದೇ ಇತ್ತು. ಆಗ ಅವಳಿಗೆ ಒಂದು ಗಳಿಗೆ ಸಮಾಧಾನವಾಯಿತು.

ಕುಡಿದಳು. ಗಟಗಟ ಕುಡಿಯಲಿಲ್ಲ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಅದು ಏನೇನು ಹೇಳುತ್ತದೋ ಎಲ್ಲ ಕೇಳಿಸಿಕೊಂಡು, ಆಮೇಲೆ ನುಂಗಿದಳು. ಬಟ್ಟಲು ಮುಗಿಯಿತು. ಇನ್ನೊಂದು ಅರ್ಧ ಬಟ್ಟಲು ಸೋಸಿಕೊಂಡಳು. ಹೊಟ್ಟೆ ಬೆಚ್ಚಗಾಯಿತು, ಕೆನ್ನೆ ಬಿಸಿಯಾಯಿತು. ಹೊಗೆಗೆ ಕಣ್ಣು ಕೆಂಪಾಗಿದ್ದವು, ಓಡಾಟಕ್ಕೆ ತುರುಬು ಸಡಿಲವಾಗಿ ಕೂದಲು ಬೆನ್ನ ಮೇಲೆ ಇಳಿದಿತ್ತು. ಉಳಿದ ಬಾಟಲಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಾಯಿಗೆ ಹೆಬ್ಬೆರಳು ಒತ್ತಿ ಕೂತಳು. ಯಾರು ಬರುತ್ತಾರೋ ಬರಲಿ, ಇವತ್ತು ಮಾತಾಡಿಯೇ ಬಿಡುವುದು.

ಹೊರಗಿನಿಂದ ಮೂರು ಸಲ ಬಾಗಿಲು ತಟ್ಟಿ, ವೆಂಕಟೇಶಪ್ಪ ಮೊದಲು ಒಳಗೆ ಕಾಲಿಟ್ಟ. ಕಾಲಿಟ್ಟವನು ಹಾಗೇ ನಿಂತ. ಅವನ ಹಿಂದೆ ಮುನೀಶ, ಮುನೀಶನ ಹಿಂದೆ ನೆರೆಮನೆಯ ಭಾಗ್ಯಮ್ಮ ಇಣುಕಿದರು. ಹೊಗೆಯ ನಡುವೆ ಬಿಚ್ಚುಗೂದಲು, ಕೆಂಗಣ್ಣು, ತೊಡೆಯ ಮೇಲೆ ಬಾಟಲಿ, ರಕ್ತದ ಬಣ್ಣದ ಸೆರಗು. ವರಲಕ್ಷ್ಮಮ್ಮ ಬೈಗುಳಕ್ಕೆ ಬಾಯಿ ತೆರೆದಳು.

ಅಷ್ಟರಲ್ಲಿ ವೆಂಕಟೇಶಪ್ಪ ದಬಕ್ಕನೆ ಅವಳ ಕಾಲಿಗೆ ಬಿದ್ದ.

"ಅಣ್ಣಾ! ಬಂದ್ಬುಟ್ಟಾ ಅಣ್ಣಾ! ಅತ್ತಿಗೆ ಮೈಮ್ಯಾಲೆ ಬಂದು ಕುಡ್ದಾ!"

ಭಾಗ್ಯಮ್ಮ ಗಲ್ಲ ಬಡಿದುಕೊಂಡಳು. "ಗೋಪಾಲಪ್ಪಣ್ಣ ಬಂದವ್ನೆ, ಕರ್ಪೂರ ತನ್ರೇ" ಎಂದು ಬೀದಿಗೆ ಕೂಗಿದಳು. ಜಗಲಿಯಲ್ಲಿದ್ದವರೆಲ್ಲ ಎದ್ದು ಬಂದು ಬಾಗಿಲಿಗೆ ತುಂಬಿಕೊಂಡರು. ತಟ್ಟೆಯಲ್ಲಿ ಕರ್ಪೂರ ಉರಿಯಿತು. ಒಬ್ಬಳು ವರಲಕ್ಷ್ಮಮ್ಮನ ಹಣೆಗೆ ವಿಭೂತಿ ಹಚ್ಚಲು ಕೈ ಚಾಚಿದಳು. ಮುನೀಶ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಮುನೀಶ, ಎರಡೂ ಕೈ ಜೋಡಿಸಿ ಅವಳ ಮುಂದೆ ಮಂಡಿಯೂರಿದ.

"ತಪ್ಪಾಯ್ತಪ್ಪಾ. ಈಗ ತೃಪ್ತಿ ಆಯ್ತೇನಪ್ಪಾ? ನಮ್ಮನೇಲಿ ಇನ್ನೇನೂ ಆಗ್ದಂಗೆ ನೋಡ್ಕೋಪ್ಪಾ."

ವರಲಕ್ಷ್ಮಮ್ಮನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ತಾನು ಕುಡಿದದ್ದು ಕಣ್ಣೆದುರಿಗೆ ಇದೆ. ಆದರೂ ಕುಡಿದವಳು ತಾನಲ್ಲವಂತೆ! ಹೆಂಗಸೊಬ್ಬಳು ತನ್ನ ಬಾಟಲಿಯನ್ನು ತಾನು ಕುಡಿದಳು ಎನ್ನುವುದಕ್ಕಿಂತ, ಸತ್ತವನು ಗೋರಿಯಿಂದ ಎದ್ದು ಬಂದು ಕುಡಿದ ಎನ್ನುವುದು ಇವರಿಗೆ ನಂಬಲು ಸುಲಭ.

ಇನ್ನೂ ಒಂದು ಸಂಗತಿ ಅವಳಿಗೆ ಹೊಳೆಯಿತು. ಈಗ ಅವಳು ಏನು ಹೇಳಿದರೂ ನಡೆಯುತ್ತದೆ. ಗೋಪಾಲಪ್ಪನ ದನಿ ಮಾಡಿ, ಎಂಕಟೇಸಾ, ಇನ್ನ ಈ ಮನೆ ಹೊಸ್ತಿಲು ತುಳೀಬೇಡ ಎಂದರೆ ಅವನು ನಡುಗುತ್ತ ಎದ್ದು ಹೋಗುತ್ತಾನೆ. ಮುನೀಸಾ, ನಿಮ್ಮಮ್ಮನ ಮಾತು ಕೇಳು ಎಂದರೆ ಮಗ ಸಾಯುವತನಕ ಕೇಳುತ್ತಾನೆ. ಇಷ್ಟು ವರ್ಷ ಅವಳು ಕೂಗಿ ಹೇಳಿದರೂ ನಡೆಯದ್ದು ಅವನ ಹೆಸರಲ್ಲಿ ಒಂದು ಮಾತಿಗೆ ನಡೆಯುತ್ತದೆ. ಅದು ನಾಲಿಗೆಯ ತುದಿಗೂ ಬಂತು. ಬಂದಷ್ಟೇ ಬೇಗ ಅದರ ಮೇಲೆ ಅಸಹ್ಯವೂ ಬಂತು. ಬದುಕಿದ್ದಾಗ ಅವನ ಕೈ ಕೆಳಗೆ ಬದುಕಿದ್ದು ಸಾಲದೆ, ಈಗ ಅವನ ಬಾಯಾಗಿ ಬದುಕಬೇಕೇ?

ವಿಭೂತಿಯ ಕೈಯನ್ನು ಅವಳು ತಳ್ಳಿದಳು.

"ನಿಮ್ಮಣ್ಣನೂ ಬಂದಿಲ್ಲ, ನಿಮ್ಮಪ್ಪನೂ ಬಂದಿಲ್ಲ. ನಾನು. ನಾನು ಕುಡ್ದೆ" ಎಂದಳು.

ವೆಂಕಟೇಶಪ್ಪ ಬಿದ್ದಲ್ಲಿಂದಲೇ ಜನರ ಕಡೆ ತಲೆ ಹೊರಳಿಸಿದ. "ನೋಡ್ರಪ್ಪಾ, ಅಣ್ಣಂದೇ ಮಾತು! ಬದುಕಿದ್ದಾಗಲೂ ಹಿಂಗೇ. ಬಾಯಲ್ಲಿ ಗಬ್ಬು ಬತ್ತಿದ್ರೂ ನಾನಲ್ಲ ನಾನಲ್ಲ ಅಂತಲೇ ಅಂತಿದ್ದ!"

ಜನ ಹೌದು ಹೌದು ಎಂದು ತಲೆಯಾಡಿಸಿದರು. ಕೆಲವರು ಕಣ್ಣು ಒರೆಸಿಕೊಂಡರು. ಮುನೀಶ ಇನ್ನೂ ಹತ್ತಿರ ಸರಿದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಅಪ್ಪಾ, ಹೆಂಗಿತ್ತಪ್ಪಾ? ರುಚಿ ಆಯ್ತಾ ನಿಂಗೆ?"

ವರಲಕ್ಷ್ಮಮ್ಮ ಮಗನನ್ನೇ ನೋಡಿದಳು. ಅವನಿಗೊಂದು ಬಿಡಬೇಕೆಂದು ಕೈ ತುರಿಸಿತು. ಆದರೆ ಅವನು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಇಷ್ಟು ವರ್ಷದಲ್ಲಿ ಚನ್ನಕೇಶವನನ್ನು ಬಿಟ್ಟರೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ಹೇಳ್ತೀನಿ, ಕೇಳು" ಎಂದಳು. ದನಿ ಏರಿಸಲಿಲ್ಲ. "ಬಾಯಿಗಿಟ್ಟ ತಕ್ಷಣ ನೇರಳೆಹಣ್ಣು. ಮರದಿಂದ ಬಿದ್ದು ಒಂದು ದಿನ ಆಗಿರೋ ನೇರಳೆ, ಕಿತ್ತಿದ್ದಲ್ಲ. ಅದರ ಹಿಂದೇನೇ ಒಂದೇ ಒಂದು ಲವಂಗ. ಹೋದ ವರ್ಷ ಇದೇ ಪೀಪಾಯಿಲಿ ಹಸಿ ಬಾಳೆಕಾಯಿ ಒಗರು ಇತ್ತು, ಮೂಸಿದ್ರೇ ಹಲ್ಲು ಜುಮ್ಮಂತಿತ್ತು. ಆ ಒಗರು ಈಗ ಹೋಗಿಲ್ಲ, ಇಳಿದೈತೆ. ನಾಲಿಗೆ ಅಂಚಲ್ಲಿ ಕುಂತದೆ, ಕಚ್ಚಲ್ಲ. ನುಂಗಿದ ಮೇಲೆ ಗಂಟಲಲ್ಲಿ ಹೊಗೆ ಹಾಕಿದ ಮರದ ವಾಸ್ನೆ, ಸ್ವಲ್ಪ ಹೊತ್ತು ನಿಂತು ತಾನಾಗೇ ಹೋಯ್ತದೆ. ಬಿರಡೆ ಕುಟ್ಟಿ ಕುಲುಕದೆ ಇದ್ದಿದ್ರೆ ಇನ್ನೂ ಚಂದಾಗಿರ್ತಿತ್ತು. ಸರಿಯಾಗಿ ಆಗಿತ್ತು ಕಣ್ಲಾ. ನಾನು ಹೇಳಿದ ದಿನಾನೇ ಆಗಿತ್ತು."

ವೆಂಕಟೇಶಪ್ಪ ತಲೆ ಎತ್ತಿ ಅವಳ ಮುಖ ನೋಡಿದ. ಅಣ್ಣ ಇಂಥ ಮಾತು ಆಡಿದ್ದನ್ನು ಅವನೂ ಕೇಳಿರಲಿಲ್ಲ.

"ಈಗ ನೀನು ಹೇಳ್ಲಾ ಮುನೀಸಾ. ನಿಂಗೆ ಒಂಬತ್ತು ವರ್ಷ. ಲಾಟೀನಿಗೆ ಅಂತ ತಂದಿಟ್ಟಿದ್ದ ಸೀಮೆಎಣ್ಣೆನ ಬ್ರಾಂದಿ ಅಂತ ನಿಮ್ಮಪ್ಪ ಅರ್ಧ ಕುಡ್ದು, ಗೊತ್ತೇ ಆಗ್ದೆ ಬಾಯಿ ಒರೆಸ್ಕೊಂಡ. ನೀನೇ ಓಡ್ಬಂದು ನಂಗೆ ಹೇಳ್ದೆ. ಅವನ ನಾಲಿಗೆಗೆ ಇದೆಲ್ಲ ತಿಳೀತಿತ್ತೇನ್ಲಾ? ಯಾರ್ಲಾ ಕುಡ್ದಿದ್ದು ಇದ್ನ?"

ಮುನೀಶನ ಕಣ್ಣು ತಾಯಿಯ ಸೆರಗಿನ ಕಲೆಯ ಮೇಲೆ, ಅದರಲ್ಲಿ ಅಂಟಿದ್ದ ಬಿರಡೆಯ ಚೂರುಗಳ ಮೇಲೆ ಓಡಾಡಿ ಕೊನೆಗೆ ಅವಳ ಮುಖಕ್ಕೆ ಬಂದು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ವೆಂಕಟಲಕ್ಷ್ಮಿ ನಿಂತಿದ್ದಳು. "ಅಮ್ಮಾ" ಎಂದ ಮುನೀಶ. ಜೋಡಿಸಿದ ಕೈ ಬಿಚ್ಚಿ ಮೆಲ್ಲಗೆ ಇಳಿಯತೊಡಗಿತು.

"ಕೈ ಇಳಿಸ್ಬ್ಯಾಡ" ಎಂದಳು ವರಲಕ್ಷ್ಮಮ್ಮ. "ಯಾರಿಗೆ ಕೈ ಮುಗೀತಿದ್ದೀಯಾ ಅಂತ ಈಗ ಗೊತ್ತಾಯ್ತಲ್ಲ. ಈಗ ಮುಗಿ."